ಮುಂದ ನುಗ್ಗಿದಾವನೇ ಗೆದ್ದಾವ ಏನು?

ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಸಂಜೆ ಹೊತ್ತು ಈಗ ಪೇಪರ್ ಓದುವವರಿಗಿಂತ ಮೊಬೈಲ್ ನೋಡುವ ಹುಡುಗರೇ ಜಾಸ್ತಿ. ಹೋದ ಮಳೆಗಾಲದಲ್ಲಿ ಒಂದಿನ ನಾಲ್ಕೈದು ಮಂದಿ ಒಂದೇ ಮೊಬೈಲಿಗೆ ತಲೆ ಕೂಡಿಸಿಕೊಂಡು ಕೂತಿದ್ದರು. ಎಂಟು ಮೂಲೆಯ ಜಾಳಿಗಿ ಪಂಜರದೊಳಗೆ ಇಬ್ಬರು ಬಡಿದಾಡುತ್ತಿದ್ದರು. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲ ನಡೆಯುವ ಈ ಆಟಕ್ಕೆ ಎಂ.ಎಂ.ಎ. ಅಂತಾರೆ. ನಮ್ಮ ಜತ್ತ ಸೀಮೆಯಲ್ಲಿ ಸಾಂಗಲಿ, ಕೊಲ್ಹಾಪುರದ ತಾಲೀಮಿಗೆ ಹೋಗಿ ಬಂದ ಹುಡುಗರಿಗೆ ಇದು ಈಗ ಹೊಸ ಹುಚ್ಚು.

ಅವರು ನೋಡುತ್ತಿದ್ದದ್ದು ಹಳೇ ಜೋಡಿ. 2012ರ ಫೆಬ್ರುವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಕಾರ್ಲೋಸ್ ಕಾಂಡಿಟ್ ಮತ್ತು ನಿಕ್ ಡಯಾಜ್ ನಡುವೆ ಆದದ್ದು. ಐದು ರೌಂಡ್ ಮುಗಿದು ಕಾಂಡಿಟ್‌ನ ಕೈ ಮೇಲೆತ್ತಿದರು. ಅಷ್ಟಕ್ಕೇ ಒಬ್ಬ ಹುಡುಗ ಎದ್ದು ನಿಂತ: “ಸರ, ಇದು ಮೋಸ ಐತಿ. ಡಯಾಜ್ ಐದೂ ರೌಂಡ್ ಮುಂದ ಮುಂದ ಹ್ವಾದ. ಈ ಮಗ ಹಿಂದ ಹಿಂದ ಸರದಾನ. ಓಡಿ ಹೋದಾವಗ ಹೆಂಗ ಗೆಲುವು ಕೊಟ್ರು?” ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಹಿರಿಯ ಪೈಲವಾನರೂ ಹೌದಂದ್ರು. ನಾನೊಬ್ಬನೇ ಅಲ್ಲ ಅಂದೆ. ಅವತ್ತು ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿ ಬರೆಯುತ್ತೇನೆ.

ಮೊದಲು ಲೆಕ್ಕ ಹೇಗೆ ಹಾಕುತ್ತಾರೆ ನೋಡೋಣ. ಪ್ರತಿ ರೌಂಡು 5 ನಿಮಿಷ. ಪಂಜರದ ಹೊರಗೆ ಬೇರೆಬೇರೆ ಕಡೆ ಕೂತ ಮೂವರು ಪಂಚರು ಪ್ರತಿ ರೌಂಡಿಗೂ ಅಂಕ ಬರೀತಾರೆ. ಗೆದ್ದವನಿಗೆ 10, ಸೋತವನಿಗೆ 9, ಪೂರಾ ಹಣ್ಣಾಗಿದ್ದರೆ 8. ಏನು ನೋಡಿ ಬರೀಬೇಕು ಅನ್ನೋದಕ್ಕೆ ನಿಯಮ ಉಂಟು. ಹಳೇ ನಿಯಮದಲ್ಲಿ ‘ಪರಿಣಾಮ ಇರುವ ಆಕ್ರಮಣ’ ಅಂದರೆ ಮುಂದೆ ನಡೆದು ಹೊಡೆತ ತಗುಲಿಸುವುದು ಎಂದಿತ್ತು. ಆ ‘ಮುಂದೆ ನಡೆದು’ ಅನ್ನುವ ಮಾತೇ ಎಲ್ಲ ಕೆಡಿಸಿದ್ದು. ಓದಿದವರ ಕಣ್ಣಿಗೆ ನಡಿಗೆ ಉಳಿಯಿತು, ಹೊಡೆತ ಮರೆತುಹೋಯಿತು.

2017ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಸರಿಮಾಡಿತು. ಮೊದಲು ನೋಡಬೇಕಾದದ್ದು ಯಾರ ಹೊಡೆತ, ಯಾರ ಪಟ್ಟು ಎದುರಾಳಿಗೆ ನಾಟಿತು ಎಂಬುದನ್ನು. ಅದು ನೂರಕ್ಕೆ ನೂರು ಸಮ ಆದರೆ ಮಾತ್ರ ಆಕ್ರಮಣದ ಕಡೆ ಕಣ್ಣು ಹಾಯಿಸಬೇಕು. ಅದೂ ಸಮ ಆದರೆ ಅಖಾಡ ಯಾರ ಹಿಡಿತದಲ್ಲಿತ್ತು ಅನ್ನೋದು. ಆಕ್ರಮಣ ಅಂದರೂ ಆಟ ಮುಗಿಸುವ ಪ್ರಯತ್ನ. ಏನೂ ಫಲವಿಲ್ಲದೆ ಸುಮ್ಮನೆ ಬೆನ್ನಟ್ಟಿದರೆ ಅದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಕಾಂಡಿಟ್ ಏನು ಮಾಡಿದ? ಹಳೇ ನಿಯಮ ಇದ್ದಾಗಲೇ ಸುತ್ತು ತಿರುಗುತ್ತ ಡಯಾಜ್‌ನ ಕಾಲಿಗೆ ಒದ್ದ, ಗುದ್ದಿ ಪಕ್ಕಕ್ಕೆ ಸರಿದ, ಮತ್ತೆ ಒದ್ದ. ಡಯಾಜ್ ನಡೆದ, ಕೈ ಚಾಚಿ ಕರೆದ, ಬೈದ. ತಗುಲಿದ ಹೊಡೆತ ಕಾಂಡಿಟ್‌ನದೇ ಹೆಚ್ಚು. ಒಬ್ಬ ಪಂಚ 48–47, ಇನ್ನಿಬ್ಬರು 49–46 ಬರೆದು ಅವನಿಗೇ ಕೊಟ್ಟರು. ಓಡಿದವನು ಹಿಂದೆ ಸರಿಯುತ್ತ ಒದೆಯುತ್ತಾನೇನು? ಅದಕ್ಕೆ ನಮ್ಮ ತಾಲೀಮಿನಲ್ಲಿ ಡಾವು ಅಂತ ಹೆಸರು.

ಇದರ ಉಲ್ಟಾ ಕಥೆಯೂ ಉಂಟು. 2011ರ ಮಾರ್ಚ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಡಿಯಾಗೋ ಸಾಂಚೆಜ್ ಮತ್ತು ಡೆನ್ಮಾರ್ಕಿನ ಮಾರ್ಟಿನ್ ಕಾಂಪ್‌ಮನ್ ಜೋಡಿ. ಸಾಂಚೆಜ್ ಕಾಲಿಗೆ ಬಿದ್ದು ಕೆಡವಲು ನೋಡಿದ. ಕಾಂಪ್‌ಮನ್ ಒಂದರ ಮೇಲೊಂದು ತಪ್ಪಿಸಿದ. ಸಾಂಚೆಜ್‌ನ ಮುಖ ರಕ್ತದಲ್ಲಿ ತೊಯ್ದು ಗುರುತು ಸಿಗದ ಹಾಗಾಯಿತು. ಆದರೂ ಅವನು ನುಗ್ಗುತ್ತಲೇ ಇದ್ದ, ಜನ ಕೂಗುತ್ತಲೇ ಇದ್ದರು. ಮೂವರೂ ಪಂಚರು ಸಾಂಚೆಜ್‌ಗೇ ಕೊಟ್ಟರು. ಪೆಟ್ಟು ತಿಂದವನ ಧೈರ್ಯಕ್ಕೆ ಅಂಕ ಸಿಕ್ಕಿತು, ಪೆಟ್ಟು ಕೊಟ್ಟವನ ಕೈಚಳಕಕ್ಕೆ ಇಲ್ಲ. ಇಂಥ ಆಟಗಾರರಲ್ಲಿ ಅನೇಕರ ಕರಾರು ಹೀಗಿರುತ್ತದೆ: ಪಂಜರ ಹತ್ತಿದ್ದಕ್ಕೆ ಇಷ್ಟು, ಗೆದ್ದರೆ ಇನ್ನೂ ಅಷ್ಟು. ಪಂಚನ ಪೆನ್ನು ತಪ್ಪಿದರೆ ಅರ್ಧ ರೊಕ್ಕ ಹೋಯಿತು.

ಇಲ್ಲಿ ನನ್ನ ಪಾಪವನ್ನೂ ಹೇಳಬೇಕು. ಹದಿನಾಲ್ಕು ವರ್ಷದ ಹಿಂದೆ ನಮ್ಮ ಕಡೆಯ ಒಂದು ಜಾತ್ರೆಯ ಕುಸ್ತಿಗೆ ನನ್ನನ್ನು ಪಂಚನಾಗಿ ಕೂಡಿಸಿದ್ದರು. ಕೆಂಪು ಮಣ್ಣಿನ ನಿಕಾಲಿ ಕುಸ್ತಿಯಲ್ಲಿ ಇಂಥ ತಂಟೆಯೇ ಇಲ್ಲ. ಬೆನ್ನು ಮಣ್ಣಿಗೆ ಹತ್ತಿತೋ, ಚಿತ್ ಆಯಿತು, ಮುಗಿಯಿತು. ಆದರೆ ಅವತ್ತು ಕತ್ತಲಾಗುತ್ತ ಬಂದಿತ್ತು, ಸಣ್ಣ ಹುಡುಗರ ಜೋಡಿಗಳಿಗೆ ವೇಳೆ ಕಟ್ಟಿ, ಚಿತ್ ಆಗದಿದ್ದರೆ ಪಂಚ ಹೇಳಿದ್ದೇ ತೀರ್ಮಾನ ಅಂದಿದ್ದರು. ಒಬ್ಬ ಹುಡುಗ ಹೋರಿ ಹಾಗೆ ನುಗ್ಗಿದ. ಇನ್ನೊಬ್ಬ ಸರಿದು ಸರಿದು ಎರಡು ಸಲ ಅವನನ್ನು ಕೆಳಗೆ ಕೆಡವಿದ. ಮಂದಿ ನುಗ್ಗುವವನಿಗೆ ಸೀಟಿ ಹೊಡೆದರು. ನಾನು ಅವನ ಕೈ ಎತ್ತಿದೆ. ಸೋತ ಹುಡುಗನ ಮುತ್ಯಾ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದು ಒಂದೇ ಮಾತು ಕೇಳಿದ: “ಗುರುಗಳ, ನಮ್ಮ ಹುಡುಗ ಹಿಂದ ಸರದಾನ, ಖರೆ. ಬಿದ್ದಾವ ಯಾರ್ರಿ?”

ನಾನು ಉತ್ತರ ಕೊಡಲಿಲ್ಲ. ಆ ಹುಡುಗ ಮುಂದಿನ ವರ್ಷದಿಂದ ತಾಲೀಮಿಗೆ ಬರಲಿಲ್ಲ.

ನನ್ನ ಎದುರು ವಾದಿಸುವವರ ಗಟ್ಟಿ ಮಾತು ಒಂದಿದೆ: ಇಬ್ಬರೂ ಹಿಂದೆ ಸರಿದರೆ ಆಟ ಎಲ್ಲಿ ಉಳಿಯಿತು? ರೊಕ್ಕ ಕೊಟ್ಟು ಬಂದ ಮಂದಿ ಏನು ನೋಡಬೇಕು? ಸರಿಯಾದ ಪ್ರಶ್ನೆ. ಆದರೆ ಅದಕ್ಕೆ ಮದ್ದು ಅಂಕದ ಚೀಟಿಯಲ್ಲಿಲ್ಲ. ಎಂ.ಎಂ.ಎ. ನಿಯಮದಲ್ಲಿಯೇ ಹೇಡಿತನ ಒಂದು ತಪ್ಪು. ಕೈಗೆ ಸಿಗದೆ ತಪ್ಪಿಸಿಕೊಂಡು ತಿರುಗುವವನನ್ನು ಒಳಗಿರುವ ರೆಫ್ರಿ ಎಚ್ಚರಿಸಬಹುದು, ಅಂಕ ಕಳೆಯಬಹುದು. ಜಪಾನಿನ ಪ್ರೈಡ್ ಪಂದ್ಯಗಳಲ್ಲಿ ಆಟ ಎಳೆದಾಡಿದವನಿಗೆ ಹಳದಿ ಚೀಟಿ ತೋರಿಸಿ ಸಂಭಾವನೆಯಲ್ಲಿ ನೂರಕ್ಕೆ 10 ಕತ್ತರಿಸುತ್ತಿದ್ದರು. ಮ್ಯಾಟ್ ಮೇಲಿನ ಫ್ರೀಸ್ಟೈಲ್ ಕುಸ್ತಿಯಲ್ಲೂ ಸುಮ್ಮನಿದ್ದವನಿಗೆ ರೆಫ್ರಿ ಎಚ್ಚರಿಕೆ ಕೊಟ್ಟು, ಆಮೇಲೆ 30 ಸೆಕೆಂಡಿನ ಗಡುವು ಹಾಕುತ್ತಾನೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1 ಅಂಕ. ಓಡುವವನನ್ನು ಶಿಕ್ಷಿಸುವ ಕೆಲಸ ಬೇರೆ, ಯಾರು ಹೆಚ್ಚು ನಾಟಿಸಿದರು ಅಂತ ಅಳೆಯುವ ಕೆಲಸ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿರಿ.

ನನ್ನನ್ನು ಕೇಳಿದರೆ ಆಕ್ರಮಣವನ್ನು ಅಂಕದ ಲೆಕ್ಕದಿಂದಲೇ ತೆಗೆದುಹಾಕಬೇಕು. ನಿಜಕ್ಕೂ ಸಮ ಆಗಿದ್ದರೆ 10–10 ಬರೆಯಲಿ. ಬರೆಯಲು ನಿಯಮದಲ್ಲಿ ಅವಕಾಶ ಇದೆ, ಪಂಚರಿಗೆ ಮನಸ್ಸಿಲ್ಲ ಅಷ್ಟೇ. ಅಳೆಯುವುದು ಮೊದಲೇ ಕಷ್ಟದ ಕೆಲಸ. 2024ರ ಜೂನ್‌ನಲ್ಲಿ, ಅದೇ ಲೂಯಿವಿಲ್‌ನಲ್ಲಿ, ಉತ್ತರ ಪ್ರದೇಶದ ಪೂಜಾ ತೋಮರ್ ಯು.ಎಫ್.ಸಿ.ಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಒಬ್ಬ ಪಂಚ ಮೂರೂ ರೌಂಡು ಪೂಜಾಗೆ ಕೊಟ್ಟ, ಇನ್ನೊಬ್ಬ ಮೂರೂ ರೌಂಡು ಎದುರಿನ ಬ್ರೆಜಿಲ್ ಹುಡುಗಿಗೆ ಕೊಟ್ಟ! 29–28 ಬರೆದ ಮೂರನೆಯವನಿಂದ ತೀರ್ಮಾನವಾಯಿತು. ಕಣ್ಣಿನ ಲೆಕ್ಕ ಇಷ್ಟು ಹೊಯ್ದಾಡುವಾಗ ‘ಗತ್ತಿನಿಂದ ನಡೆದ’ ಎಂಬುದನ್ನೂ ಸೇರಿಸಿದರೆ ಗತಿ ಏನು?

ಮೇಷ್ಟ್ರುಗಳು ಈ ಪುಸ್ತಕ ಓದುವುದರಿಂದ ಇನ್ನೊಂದು ಮಾತು. ನುಗ್ಗಿದವನಿಗೆ ಗೆಲುವು ಕೊಟ್ಟರೆ ಹುಡುಗ ಕಲಿಯುವುದು ತಲೆಗೆ ಪೆಟ್ಟು ತಿಂದರೂ ನಡೆ ಅನ್ನುವ ಪಾಠ. ಅಂಥ ಪೆಟ್ಟು ಮಿದುಳಿನಲ್ಲಿ ಕೂಡಿಡುತ್ತ ಹೋಗುತ್ತದೆ, ವರ್ಷಗಳ ಮೇಲೆ ಬಡ್ಡಿ ಕೇಳುತ್ತದೆ. ನಮ್ಮ ಹುಡುಗರು ಶಾಲೆಯ ಹಿಂದಿನ ಬಯಲಲ್ಲಿ ಕೈಗವಸು ಇಲ್ಲದೆ ಇದನ್ನೇ ಆಡಿ ನೋಡುತ್ತಿದ್ದಾರೆ. ಒಮ್ಮೆ ಹೋಗಿ ನಿಂತು ನೋಡಿರಿ.

ಈ ವರ್ಷದ ಜಾತ್ರೆ ಕಮಿಟಿಯವರು ಮತ್ತೆ ಪಂಚನಾಗಿ ಬರ್ರಿ ಅಂದಿದ್ದಾರೆ. ಕೆಡವಿದ್ದು, ಬೆನ್ನು ತಿರುವಿದ್ದು, ಪಟ್ಟು ಬಿಡಿಸಿಕೊಂಡದ್ದು ಇಷ್ಟೇ ಚೀಟಿಯಲ್ಲಿ ಬರೀತೀನಿ, ಸೀಟಿ ಕೇಳಿ ಬರಿಯಂಗಿಲ್ಲ ಅಂದೆ. ಕೂತು ಮಾತಾಡಿ ಹೇಳ್ತೀವಿ ಅಂದು ಹೋದವರು ಇನ್ನೂ ಬಂದಿಲ್ಲ.