ಸಾಲು ಎಷ್ಟು ಉದ್ದವಿರಬೇಕು?

ಹರಿಹರದಲ್ಲಿ ಲೇತು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಶುರುವಾದದ್ದು 1941ರಲ್ಲಿ. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಲೇತಿನ ಕಸುಬು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಹರಿಹರ, ದಾವಣಗೆರೆಗಳ ಸಣ್ಣ ವರ್ಕ್‌ಶಾಪಿನವರಿಗೆ ಹೊಸ ಸಿಎನ್‌ಸಿ ಯಂತ್ರಕ್ಕಿಂತ ಸೆಕೆಂಡ್‌ಹ್ಯಾಂಡ್ ಯಂತ್ರವೇ ಕೈಗೆಟುಕುವುದು. ಹಳೆಯ ಕಂಟ್ರೋಲರಿನ ಮೆಮರಿ ಚಿಕ್ಕದು, ಡೈ ಕೆತ್ತುವ ಪ್ರೋಗ್ರಾಂ ದೊಡ್ಡದು. ಹಾಗಾಗಿ ಪಕ್ಕದಲ್ಲೊಂದು ಕಂಪ್ಯೂಟರ್ ಇಟ್ಟು, ಆರ್‌ಎಸ್-232 ಕೇಬಲ್ಲಿನಲ್ಲಿ ಪ್ರೋಗ್ರಾಂ ಹರಿಸುತ್ತ ಹರಿಸುತ್ತಲೇ ಕಟಿಂಗ್ ನಡೆಸಬೇಕು. ಡಿವೈಸ್ ಡ್ರೈವರ್ ಬರೆಯುವವರ ಹಳೆಯ ಜಗಳವೊಂದು ಇಲ್ಲಿ ಕಬ್ಬಿಣದ ಮೇಲೆ ಕಾಣಿಸಿಕೊಳ್ಳುತ್ತದೆ: ಕಳಿಸಬೇಕಾದ ಡೇಟಾವನ್ನು ಮುಂಚಿತವಾಗಿ ಎಷ್ಟು ಉದ್ದದ ಸಾಲಿನಲ್ಲಿ (ಕ್ಯೂನಲ್ಲಿ) ನಿಲ್ಲಿಸಿಡಬೇಕು?

ಲೆಕ್ಕ ಹಾಕಿ ನೋಡಿ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತವೆ. ಪ್ರೋಗ್ರಾಮಿನ ಒಂದು ಲೈನಿಗೆ 25 ಅಕ್ಷರ ಹಿಡಿದರೆ ಸೆಕೆಂಡಿಗೆ 38 ಲೈನು. ಒಂದೊಂದು ಲೈನು ಟೂಲನ್ನು 0.1 ಮಿಲಿಮೀಟರ್ ಸರಿಸುವಂಥ ನುಣುಪಾದ ವಕ್ರವಾದರೆ, ನಿಮಿಷಕ್ಕೆ 230 ಮಿಲಿಮೀಟರಿಗಿಂತ ಹೆಚ್ಚು ಫೀಡ್ (ಟೂಲ್ ಸರಿಯುವ ವೇಗ) ಕೊಡಲಾಗದು. ಅದಕ್ಕಿಂತ ಹೆಚ್ಚು ಕೇಳಿದರೆ ಟೂಲ್ ಡೇಟಾಕ್ಕಾಗಿ ಕಾಯುತ್ತ ನಿಲ್ಲುತ್ತದೆ. ನಿಂತ ಜಾಗದಲ್ಲಿ ಡೈ ಮೇಲೆ ಗುರುತು ಬೀಳುತ್ತದೆ. ಸಾಲು ಉದ್ದವಾದರೆ ಕೇಬಲ್ಲಿನ ವೇಗ ಹೆಚ್ಚುವುದಿಲ್ಲ ನಿಜ. ಆದರೆ ಟೂಲ್ ಒಂದು ಉದ್ದನೆಯ ನೇರ ಗೆರೆಯಲ್ಲಿ ಸಾಗುವಷ್ಟರಲ್ಲಿ ಮುಂದಿನ ವಕ್ರದ ಲೈನುಗಳನ್ನು ತುಂಬಿಸಿಟ್ಟುಕೊಳ್ಳಬಹುದು. ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಎದ್ದು ಕೂತರೂ ಯಂತ್ರ ಹಸಿಯುವುದಿಲ್ಲ.

ಉದ್ದ ಸಾಲಿನ ಪರವಾಗಿ ಇನ್ನೊಂದು ಮಾತಿದೆ. 1981ರ ಐಬಿಎಂ ಪಿಸಿಯ ಸೀರಿಯಲ್ ಚಿಪ್ 8250ರಲ್ಲಿ ಅಕ್ಷರಕ್ಕೊಂದು ಇಂಟರಪ್ಟ್. 115200 ಬಾಡ್‌ನಲ್ಲಿ ಅದು 87 ಮೈಕ್ರೊಸೆಕೆಂಡಿಗೊಮ್ಮೆ ಪ್ರೊಸೆಸರಿನ ಬಾಗಿಲು ತಟ್ಟಿದ ಹಾಗೆ. ಆಮೇಲೆ ಬಂದ 16550ಎ ಚಿಪ್ 16 ಅಕ್ಷರಗಳ ಸಾಲನ್ನು ತನ್ನೊಳಗೇ ಇಟ್ಟುಕೊಂಡಿತು, ಪ್ರೊಸೆಸರ್ ಉಸಿರಾಡಿತು. ಇಂದಿನ ಎನ್‌ವಿಎಂಇ ಡಿಸ್ಕ್ ಇದನ್ನೇ ತುತ್ತತುದಿಗೆ ಒಯ್ದಿದೆ: ನಿಯಮದ ಪ್ರಕಾರ 65,535 ಸಾಲುಗಳು, ಒಂದೊಂದರಲ್ಲಿ 65,536 ಆಜ್ಞೆಗಳವರೆಗೆ. ಓದು-ಬರಹದ ಕೆಲಸವನ್ನು ನಡುವೆ ನಿಲ್ಲಿಸುವ ತುರ್ತು ಡಿಸ್ಕಿಗೆ ಬರುವುದು ಅಪರೂಪ, ಅಲ್ಲಿ ಇದು ಸರಿ.

ಲೋಹ ಕಡಿಯುವ ಕಡೆ ಆ ತುರ್ತು ದಿನಾ ಬರುತ್ತದೆ. ಕಂಟ್ರೋಲರಿನ ಬಫರ್ ತುಂಬಿದಾಗ ಅದು ಎಕ್ಸ್‌ಆಫ್ ಎಂಬ ಒಂದು ಅಕ್ಷರ ಕಳಿಸಿ ‘ಸಾಕು’ ಎನ್ನುತ್ತದೆ. ಫ್ಯಾನುಕ್ ಕಂಟ್ರೋಲರ್ ಆ ಮಾತಿನ ನಂತರ ಇನ್ನು 10 ಅಕ್ಷರ ಸಹಿಸುತ್ತದೆ; ಆಮೇಲೂ ನಿಲ್ಲದಿದ್ದರೆ 087ನೇ ಅಲಾರಂ, ಬಫರ್ ಓವರ್‌ಫ್ಲೋ. 16550ರ ಹೊಟ್ಟೆಯಲ್ಲಿ ಆಗಲೇ 16 ಅಕ್ಷರ ಕೂತಿರುತ್ತವೆ. ಡ್ರೈವರ್ ಕೂಡಲೇ ಕಿವಿಗೊಟ್ಟರೂ ಚಿಪ್ಪಿಗೆ ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ವಿಂಡೋಸಿನ ಪೋರ್ಟ್ ಸೆಟ್ಟಿಂಗಿನಲ್ಲಿ ಟ್ರಾನ್ಸ್‌ಮಿಟ್ ಬಫರಿನ ಕಡ್ಡಿಯನ್ನು (ಸ್ಲೈಡರನ್ನು) ಎಡಕ್ಕೆ ಎಳೆದರೆ ಅಲಾರಂ ನಿಲ್ಲುವುದು ಇದರಿಂದಲೇ. ಯುಎಸ್‌ಬಿ ಕನ್ವರ್ಟರಿನಲ್ಲಿ ಪಾಡು ಇನ್ನೂ ಬಿಗಿ. ಹೆಚ್ಚು ಬಳಕೆಯ ಎಫ್‌ಟಿ232ಆರ್ ಚಿಪ್ಪಿನಲ್ಲಿ ಕಳಿಸುವ ಸಾಲು 128 ಬೈಟು. ಬಂದದ್ದನ್ನು ಕಂಪ್ಯೂಟರಿಗೆ ದಾಟಿಸಲು ಅದು ಸಾಮಾನ್ಯವಾಗಿ 16 ಮಿಲಿಸೆಕೆಂಡಿನವರೆಗೆ ಕಾಯುತ್ತದೆ. ಎಕ್ಸ್‌ಆಫ್ ಗಮನಿಸುವ ಹೊಣೆಯನ್ನು ಚಿಪ್ಪಿಗೇ ಒಪ್ಪಿಸದಿದ್ದರೆ, 9600 ಬಾಡ್ ವೇಗದಲ್ಲಿ ಆ ಕಾಯುವಿಕೆಯಲ್ಲೇ 15 ಅಕ್ಷರ ಜಾರಿ ಹೋಗಿರುತ್ತವೆ.

ಅಲಾರಂ ಆದರೂ ಬಾಯಿಬಿಟ್ಟು ಹೇಳುತ್ತದೆ. ನನಗೆ ಹೆಚ್ಚು ಭಯ ಸದ್ದಿಲ್ಲದ ತೊಂದರೆಯದು. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಜೋಳ ಹಾಪರಿನಲ್ಲಿ ಉಳಿದಿದ್ದರೆ ಮುಂದಿನವರ ರಾಗಿಯ ಜೊತೆ ಅದೂ ಬೀಳುವ ಹಾಗೆ, ರೀಸೆಟ್ ಒತ್ತಿ ನಿಲ್ಲಿಸಿದ ಜಾಬಿನ ಬಾಕಿ ಲೈನುಗಳು ಕನ್ವರ್ಟರಿನಲ್ಲಿ ಉಳಿದು ಮುಂದಿನ ಪ್ರೋಗ್ರಾಮಿನ ತಲೆಗೆ ಸೇರಿಕೊಳ್ಳಬಹುದು. ಸ್ಪಿಂಡಲ್ ತಿರುಗುತ್ತಿರುವಾಗ ಅದು ಹಿಟ್ಟು ಬೆರೆತಷ್ಟು ಸಣ್ಣ ವಿಷಯವಲ್ಲ. ಇನ್ಸರ್ಟ್ ಮುರಿದಾಗಲೂ ಅಷ್ಟೇ: ಪರದೆ ತೋರಿಸುವುದು ಕಳಿಸಿದ ಲೈನನ್ನು, ಟೂಲ್ ನಿಂತಿರುವುದು ಅದಕ್ಕಿಂತ ಹಿಂದೆ. ಸಾಲು ಉದ್ದವಾದಷ್ಟೂ ಎಲ್ಲಿಂದ ಮತ್ತೆ ಶುರು ಮಾಡಬೇಕೆಂದು ಹುಡುಕುವ ಅಂತರವೂ ಉದ್ದ.

ಡ್ರೈವರ್ ಬರೆಯುವವನಿಗೂ ರದ್ದತಿಯೇ ಕಷ್ಟದ ಭಾಗ. ಪ್ರೊಸೆಸರಿನ ನೆರವಿಲ್ಲದೆ ಯಂತ್ರಾಂಶವೇ ಮೆಮರಿ ಮುಟ್ಟುವ ಡಿಎಂಎ ಮೂಲಕ ಮೆಮರಿಯ ವಿಳಾಸವನ್ನು ಯಂತ್ರಾಂಶದ ಕೈಗಿತ್ತ ಮೇಲೆ, ಅದು ‘ಮುಗಿಯಿತು’ ಅಥವಾ ‘ನಿಂತೆ’ ಎನ್ನುವವರೆಗೆ ಆ ಜಾಗವನ್ನು ಬೇರೆಯವರಿಗೆ ಕೊಡುವಂತಿಲ್ಲ. ಲಿನಕ್ಸಿನ ಡಿಎಂಎ ವ್ಯವಸ್ಥೆಯಲ್ಲಿ ಸಾಲಿಗೆ ಸೇರಿಸುವ ಕರೆ ಬೇರೆ, ಓಡಿಸುವ ಕರೆ ಬೇರೆ. ನಿಲ್ಲಿಸಲು ಹೇಳುವುದು ಒಂದು, ನಿಜಕ್ಕೂ ನಿಂತಿದೆಯೆಂದು ಖಚಿತಪಡಿಸಿಕೊಳ್ಳುವುದು ಇನ್ನೊಂದು. ಗಡಿಬಿಡಿಯಲ್ಲಿ ಕೊನೆಯದನ್ನು ಬಿಟ್ಟವರು ತಿಂಗಳುಗಟ್ಟಲೆ ಕಾಣದ ಬಗ್ ಹುಡುಕುತ್ತ ಕೂರುತ್ತಾರೆ.

ಹಾಗಾದರೆ ಸಾಲು ಚಿಕ್ಕದಿರಲಿ ಎನ್ನೋಣವೇ? ಅದರ ಪರಮಾವಧಿ ಜಿಆರ್‌ಬಿಎಲ್‌ನ ಸರಳ ವಿಧಾನದಲ್ಲಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕಟ್ಟುವ ಪುಟ್ಟ ಸಿಎನ್‌ಸಿ ರೌಟರುಗಳಿಗೆ ಒಗ್ಗುವ, ಆರ್ಡುವಿನೊ ಮೇಲೆ ಓಡುವ ತಂತ್ರಾಂಶವಿದು. ಒಂದು ಲೈನು ಕಳಿಸು, ‘ಓಕೆ’ ಬಂದ ಮೇಲೆ ಇನ್ನೊಂದು. ಎಲ್ಲಿ ತಪ್ಪಾಯಿತೆಂದು ತಕ್ಷಣ ಗೊತ್ತಾಗುತ್ತದೆ. ಸಣ್ಣ ಸಣ್ಣ ಗೆರೆಗಳು ಬಂದಾಗ ಮಾತ್ರ ಹೋಗಿಬರುವ ಹೊತ್ತೇ ಹೆಚ್ಚಾಗಿ ಯಂತ್ರ ತಡವರಿಸುತ್ತದೆ. ಎರಡನೆಯ ವಿಧಾನದಲ್ಲಿ ಅದರ 128 ಬೈಟಿನ ಬಫರಿಗೆ ಎಷ್ಟು ಅಕ್ಷರ ಹೋದವೆಂದು ಕಂಪ್ಯೂಟರೇ ಎಣಿಸುತ್ತ ಸದಾ ತುಂಬಿಡುತ್ತದೆ. ಓಟ ಸರಾಗ, ತಪ್ಪಿನ ಸುದ್ದಿ ಬರುವಷ್ಟರಲ್ಲಿ ಮುಂದಿನ ಲೈನುಗಳು ಒಳಗೆ ಸೇರಿಬಿಟ್ಟಿರುತ್ತವೆ. ಫೀಡ್ ಹೋಲ್ಡ್‌ನ ಆಶ್ಚರ್ಯಚಿಹ್ನೆಯನ್ನು ಮಾತ್ರ ಜಿಆರ್‌ಬಿಎಲ್ ಸಾಲಿಗೆ ಸೇರಿಸದೆ ಬಂದ ಕ್ಷಣವೇ ಹೆಕ್ಕಿಕೊಳ್ಳುತ್ತದೆ.

ನನ್ನ ಒಲವು ಆ ಎರಡನೆಯ ವಿಧಾನದ ಕಡೆಗೆ. ಕಾರಣ 128 ಎಂಬ ಸಂಖ್ಯೆಯಲ್ಲ, ಸಮಯ. 115200 ಬಾಡ್‌ನಲ್ಲಿ 128 ಬೈಟು ದಾಟಲು 11 ಮಿಲಿಸೆಕೆಂಡು ಸಾಕು. ಅಷ್ಟೇ ಬೈಟು 9600ರಲ್ಲಿ 133 ಮಿಲಿಸೆಕೆಂಡು ತಿನ್ನುತ್ತದೆ. ಬೈಟಿನಲ್ಲಿ ಸಾಲು ಅಳೆಯುವ ಡ್ರೈವರ್ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ನೆಟ್‌ವರ್ಕಿನವರು ಈ ಪಾಠ ಕಲಿತದ್ದು ತಡವಾಗಿ: ಎಲ್ಲೆಲ್ಲೂ ಉದ್ದುದ್ದ ಬಫರ್ ತುಂಬಿ ಇಂಟರ್‌ನೆಟ್ ಎಳೆದಾಡುತ್ತಿದೆಯೆಂದು 2010ರ ಹೊತ್ತಿಗೆ ಜಿಮ್ ಗೆಟ್ಟಿಸ್ ಎಚ್ಚರಿಸಿದರು. 2012ರ ಲಿನಕ್ಸ್ 3.3ರಲ್ಲಿ, ನೆಟ್‌ವರ್ಕ್ ಕಾರ್ಡ್ ಖಾಲಿ ಬೀಳದಷ್ಟನ್ನು ಮಾತ್ರ ಅದರ ಸಾಲಿಗೆ ಬಿಟ್ಟು ಉಳಿದದ್ದನ್ನು ಮೇಲೆಯೇ ತಡೆದಿಡುವ ವ್ಯವಸ್ಥೆ ಬಂತು. ಮಿತಿಯನ್ನು ಅದು ತಾನಾಗಿ ಹೊಂದಿಸಿಕೊಳ್ಳುತ್ತದೆ. ಮೇಲೆ ತಡೆದದ್ದನ್ನು ರದ್ದು ಮಾಡಬಹುದು, ಹಿಂದೆ ಮುಂದೆ ಮಾಡಬಹುದು.

ಇದಕ್ಕೂ ಬೆಲೆಯಿದೆ, ಮರೆಯಬಾರದು. ಮೇಲಿನ ಪದರ ಹೊತ್ತಿಗೆ ಸರಿಯಾಗಿ ಎಚ್ಚರವಿರಬೇಕು, ಹಳೆಯ ಕಂಪ್ಯೂಟರಿನಲ್ಲಿ ಆ ಭರವಸೆ ಕಡಿಮೆ. ರಾತ್ರಿಯಿಡೀ ಒಂದೇ ಡೈ ಓಡಿಸುವ ಶಾಪಿಗೆ ಉದ್ದ ಸಾಲೇ ಸರಿ. ಗಂಟೆಗೊಂದು ಜಾಬ್ ಬದಲಿಸುವ ಶಾಪಿಗೆ ಚಿಕ್ಕದು. ಡ್ರೈವರ್ ಬರೆದವನಿಗೆ ಯಂತ್ರ ಯಾವ ಶಾಪಿನಲ್ಲಿದೆಯೆಂದು ಗೊತ್ತಿರುವುದಿಲ್ಲ. ಸಾಲಿನ ಉದ್ದ ಹೊಂದಿಸುವ ಆ ಕಡ್ಡಿಯನ್ನು ಮುಚ್ಚಿಡದೆ ಆಪರೇಟರಿನ ಕೈಗೆ ಸಿಗುವಂತೆ ಬಿಟ್ಟರೆ ಸಾಕು.