ಪರೀಕ್ಷೆಯಿಂದ ವಿನಾಯಿತಿ, ಹೊಣೆಯಿಂದಲ್ಲ

2025 ಸೆಪ್ಟೆಂಬರ್ 1ರಂದು ಸುಪ್ರೀಮ್ ಕೋರ್ಟು ನೀಡಿದ ತೀರ್ಪೊಂದು ದೇಶದ ಲಕ್ಷಾಂತರ ಶಿಕ್ಷಕರ ನಿದ್ದೆಗೆಡಿಸಿತು. ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರು ಶಿಕ್ಷಕರ ಅರ್ಹತಾ ಪರೀಕ್ಷೆ, ಅರ್ಥಾತ್ ಟಿ.ಇ.ಟಿ.ಯಲ್ಲಿ ಉತ್ತೀರ್ಣರಾಗಿರಲೇಬೇಕು, ಈಗಾಗಲೇ ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವವರು ಕೂಡ ಎರಡು ವರ್ಷಗಳೊಳಗೆ ತೇರ್ಗಡೆಯಾಗಬೇಕು ಎಂದು ಕೋರ್ಟು ಆದೇಶಿಸಿತು. ಆದರೆ ಅಲ್ಪಸಂಖ್ಯಾತರು ಸ್ಥಾಪಿಸಿ ನಡೆಸುತ್ತಿರುವ ಶಾಲೆಗಳನ್ನು ಈ ಆದೇಶದಿಂದ ಹೊರಗಿರಿಸಿತು. ಶಿಕ್ಷಣ ಹಕ್ಕು ಕಾಯ್ದೆ ಈ ಶಾಲೆಗಳಿಗೆ ಅನ್ವಯಿಸದು ಎಂದು 2014ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿತ್ತು. ಅದು ಸರಿಯೇ ಎಂಬುದನ್ನು ಇನ್ನೂ ದೊಡ್ಡ ಪೀಠವೊಂದು ಪರಿಶೀಲಿಸಲಿ, ಆ ಪ್ರಶ್ನೆ ಇತ್ಯರ್ಥವಾಗುವವರೆಗೆ ವಿನಾಯಿತಿ ಇರಲಿ ಎಂಬುದು 2025ರ ತೀರ್ಪಿನ ಸಾರ.

ಈ ಸುದ್ದಿ ಓದಿ ನಮ್ಮ ಯಾವುದಾದರೂ ಶಾಲೆಯ ಆಡಳಿತ ಮಂಡಳಿ ನಿರಾಳವಾಗಿದ್ದರೆ ಅಚ್ಚರಿಯಿಲ್ಲ. ಸಂವಿಧಾನದ 30ನೇ ವಿಧಿ ನಮಗೆ ನೀಡಿರುವ ಹಕ್ಕನ್ನು ಕಾಪಾಡಿಕೊಳ್ಳುವುದು ಅಗತ್ಯವೇ. ಆದರೆ ಆ ಹಕ್ಕು ಇರುವುದಾದರೂ ಯಾತಕ್ಕೆ? ನಮಗೆ ಇಷ್ಟಬಂದ ಸಂಸ್ಥೆಯನ್ನು ಕಟ್ಟಿ, ಅದರಲ್ಲಿ ನಮ್ಮ ಮಕ್ಕಳಿಗೆ ಉತ್ತಮವಾದುದನ್ನು ಕೊಡಲಿಕ್ಕೆ. ಕಡಿಮೆ ಅರ್ಹತೆಯವರನ್ನು ಕಡಿಮೆ ಸಂಬಳಕ್ಕೆ ನೇಮಿಸಿಕೊಳ್ಳುವುದಕ್ಕಲ್ಲ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅಲ್ಪಸಂಖ್ಯಾತರ ಆಡಳಿತದ ಹಕ್ಕನ್ನು ಎತ್ತಿಹಿಡಿಯುವಾಗಲೂ, ಶಿಕ್ಷಣದ ಗುಣಮಟ್ಟ ಕಾಯಲು ಸರಕಾರ ನಿಯಮ ರೂಪಿಸಬಹುದು ಎಂಬುದನ್ನು ಒಪ್ಪಿಕೊಂಡಿತ್ತು. ನ್ಯಾಯಾಲಯದ ಅಂತಿಮ ಉತ್ತರ ಏನೇ ಬರಲಿ, ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ನಮ್ಮ ಮಕ್ಕಳ ಮುಂದೆ ನಿಂತಿರುವವರು ಒಳ್ಳೆಯ ಶಿಕ್ಷಕರೇ? ಒಳ್ಳೆಯ ಶಿಕ್ಷಕರಾಗಲು ಬೇಕಾದುದೇನೆಂಬುದು ನಮಗಾದರೂ ತಿಳಿದಿದೆಯೇ?

ಟಿ.ಇ.ಟಿ. ಪಾಸಾದ ಮಾತ್ರಕ್ಕೆ ಯಾರೂ ಒಳ್ಳೆಯ ಶಿಕ್ಷಕರಾಗಿಬಿಡುವುದಿಲ್ಲ. ಅದು 150 ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ. ಸಾಮಾನ್ಯ ವರ್ಗದವರಿಗೆ ತೇರ್ಗಡೆಗೆ ಶೇ. 60 ಅಂಕ ಬೇಕು. ಶಿಕ್ಷಕನಿಗೆ ಪಠ್ಯ ವಿಷಯ ಗೊತ್ತೇ, ಮಕ್ಕಳ ಬೆಳವಣಿಗೆಯ ಬಗ್ಗೆ ಓದಿಕೊಂಡಿದ್ದಾನೆಯೇ ಎಂಬುದನ್ನು ಅದು ತಕ್ಕಮಟ್ಟಿಗೆ ತಿಳಿಸಬಲ್ಲದು. ಮನೆಗೆ ಪಾಯ ಇದ್ದಂತೆ ಅದು; ಅಗತ್ಯ, ಆದರೆ ಪಾಯವನ್ನೇ ಯಾರೂ ಮನೆ ಎನ್ನುವುದಿಲ್ಲ.

ನಾಲ್ಕನೆಯ ತರಗತಿಯ ಒಂದು ಮಗು 52ರಿಂದ 38ನ್ನು ಕಳೆದು 26 ಎಂದು ಬರೆಯಿತೆನ್ನಿ. ಸಾಮಾನ್ಯ ಶಿಕ್ಷಕ ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಾನೆ. ಒಳ್ಳೆಯ ಶಿಕ್ಷಕ ಅಲ್ಲಿ ನಿಲ್ಲುತ್ತಾನೆ. ಮಗು ಮನಸ್ಸಿಗೆ ಬಂದ ಸಂಖ್ಯೆಯನ್ನು ಗೀಚಿಲ್ಲ. ಎರಡರಿಂದ ಎಂಟು ಕಳೆಯಲಾಗದೆಂದು ಎಂಟರಿಂದ ಎರಡನ್ನು ಕಳೆದಿದೆ, ಆಮೇಲೆ ಐದರಿಂದ ಮೂರನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ಅದು ನಿಷ್ಠೆಯಿಂದಲೇ ಪಾಲಿಸಿದೆ. ಹತ್ತರ ಸ್ಥಾನದಿಂದ ಒಂದನ್ನು ಪಡೆಯುವುದು ಅದಕ್ಕೆ ಅರ್ಥವಾಗಿಲ್ಲ ಅಷ್ಟೇ. ಇದನ್ನು ಕಂಡುಕೊಂಡ ಶಿಕ್ಷಕ ಹತ್ತು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚಿ ತೋರಿಸಿದರೆ ಸಾಕು, ಮಗು ಹಾದಿಗೆ ಬರುತ್ತದೆ. ಕಾಣದ ಶಿಕ್ಷಕ ಅದೇ ಲೆಕ್ಕವನ್ನು ಹತ್ತು ಸಲ ಬರೆಸುತ್ತಾನೆ. ಮಗು ಅದೇ ತಪ್ಪನ್ನು ಹತ್ತು ಸಲ ಮಾಡುತ್ತದೆ.

ಭಾಷೆಯ ತರಗತಿಯಲ್ಲೂ ಹೀಗೆಯೇ. ಮನೆಯಲ್ಲಿ ಉರ್ದು ಮಾತಾಡುವ ಮಗು ಕನ್ನಡದ ತರಗತಿಯಲ್ಲಿ 'ಬಸ್ಸು ಬಂದಳು' ಎಂದರೆ ಇಡೀ ತರಗತಿ ನಕ್ಕೀತು. ಆದರೆ ಉರ್ದುವಿನಲ್ಲಿ ಇರುವುದು ಪುಲ್ಲಿಂಗ, ಸ್ತ್ರೀಲಿಂಗ ಎಂಬ ಎರಡೇ ಲಿಂಗ; ಬಸ್ಸು ಅಲ್ಲಿ ಸ್ತ್ರೀಲಿಂಗ. ಮಗು ತನ್ನ ತಾಯಿನುಡಿಯ ವ್ಯಾಕರಣವನ್ನು ಕನ್ನಡಕ್ಕೆ ತಂದಿದೆ. ಈ ಸಂಗತಿ ತಿಳಿದ ಶಿಕ್ಷಕಿ ಮಗುವಿನ ಮಾತಿಗೆ ನಗುವುದಿಲ್ಲ, ಉಳಿದವರು ನಗದಂತೆ ನೋಡಿಕೊಳ್ಳುತ್ತಾರೆ. ಕನ್ನಡದಲ್ಲಿ ನಪುಂಸಕಲಿಂಗ ಎಂಬ ಮೂರನೆಯದೊಂದಿದೆ ಎಂದು ತಿಳಿಸಿಕೊಡುತ್ತಾರೆ. ಬ್ಯಾರಿ, ನವಾಯತಿ, ದಖ್ಖನಿ ಮಾತಾಡುವ ಮನೆಗಳಿಂದ ಬರುವ ನಮ್ಮ ಮಕ್ಕಳಿಗೆ ಇಂಥ ಶಿಕ್ಷಕರು ಸಿಗುವುದು, ಸಿಗದಿರುವುದು ಅವರ ಮುಂದಿನ ಬದುಕನ್ನೇ ನಿರ್ಧರಿಸಬಲ್ಲದು. ಒಮ್ಮೆ ನಗೆಗೀಡಾದ ಮಗು ಮತ್ತೆ ಬಾಯಿ ತೆರೆಯಲು ಹಿಂಜರಿಯುತ್ತದೆ.

ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್‌ಮನ್ 1986ರಲ್ಲಿ ಗಮನ ಸೆಳೆದದ್ದು ಇದೇ ವಿಚಾರಕ್ಕೆ. ವಿಷಯದ ಪಾಂಡಿತ್ಯ ಒಂದು, ಬೋಧನೆಯ ಸಾಮಾನ್ಯ ವಿಧಾನಗಳು ಇನ್ನೊಂದು. ಇವೆರಡೂ ಸೇರುವಲ್ಲಿ ಶಿಕ್ಷಕನದ್ದೇ ಆದ ಮೂರನೆಯ ಬಗೆಯ ಜ್ಞಾನವಿದೆ ಎಂದು ಅವರು ಹೇಳಿದರು. ಒಂದು ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ, ಯಾವ ಉದಾಹರಣೆ ಅವರನ್ನು ಮೇಲೆತ್ತುತ್ತದೆ ಎಂಬ ಅರಿವು ಅದು. ನಮ್ಮ ಪರಂಪರೆಗೂ ಇದು ಹೊಸತಲ್ಲ. ಕಲಿಯುವವನ ಗ್ರಹಣಶಕ್ತಿಗೆ ತಕ್ಕಷ್ಟೇ ಕಲಿಸಬೇಕು, ಅವನ ತಪ್ಪನ್ನು ಹೀಯಾಳಿಸದೆ ಸೂಚ್ಯವಾಗಿ ತಿದ್ದಬೇಕು ಎಂಬುದನ್ನು ಇಮಾಮ್ ಗಝಾಲಿ ತಮ್ಮ 'ಇಹ್ಯಾ ಉಲೂಮುದ್ದೀನ್' ಕೃತಿಯಲ್ಲಿ ಗುರುವಿನ ಕರ್ತವ್ಯಗಳಾಗಿ ವಿವರಿಸಿದ್ದಾರೆ. 1377ರಲ್ಲಿ 'ಮುಖದ್ದಿಮಾ' ಬರೆದ ಇಬ್ನು ಖಲ್ದೂನ್, ಕಠೋರ ಶಿಕ್ಷೆ ಮಕ್ಕಳ ಉತ್ಸಾಹವನ್ನು ಕುಗ್ಗಿಸಿ, ಅವರನ್ನು ಸುಳ್ಳು ಮತ್ತು ಕಪಟದ ಕಡೆಗೆ ತಳ್ಳುತ್ತದೆಂದು ಎಚ್ಚರಿಸಿದ್ದರು.

ಹಾಗಿದ್ದೂ ಬೆತ್ತವೇ ಶಿಸ್ತಿನ ಗುರುತೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯ ಪ್ರಕಾರ ಮದ್ರಸಾಗಳೂ ವೇದ ಪಾಠಶಾಲೆಗಳೂ ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿವೆ. ಹಾಗಂತ ಮದ್ರಸಾದಲ್ಲಿ ಮಗುವಿನ ಅಂಗೈ ಮೇಲೆ ಬೀಳುವ ಬೆತ್ತದ ಪೆಟ್ಟಿಗೆ ನೋವು ಕಡಿಮೆಯೇ? ಬೆಳಿಗ್ಗೆ ಉಸ್ತಾದರ ಮುಂದೆ, ಬಳಿಕ ಶಾಲೆಯಲ್ಲಿ ಟೀಚರ ಮುಂದೆ ಕೂರುವುದು ಒಂದೇ ಮಗು. ಭಯಪಡುವ ಮಗು ತಪ್ಪನ್ನು ಅಡಗಿಸುತ್ತದೆ. ತಪ್ಪು ಅಡಗಿದ ಮೇಲೆ ಅದನ್ನು ಓದುವ ಅವಕಾಶ ಎಂಥ ನಿಪುಣ ಗುರುವಿಗೂ ಉಳಿಯುವುದಿಲ್ಲ.

ಇಷ್ಟನ್ನು ಶಿಕ್ಷಕರಿಂದ ನಿರೀಕ್ಷಿಸುವ ನಾವು ಅವರಿಗೆ ಕೊಡುತ್ತಿರುವುದೇನು? ಇಂಥ ಅರಿವು ಒಂದೆರಡು ವರ್ಷಗಳಲ್ಲಿ ಬರುವಂಥದ್ದಲ್ಲ. ಅದಕ್ಕೆ ತರಬೇತಿ ಬೇಕು, ಪಾಠ ತಯಾರಿಗೆ ಸಮಯ ಬೇಕು, ಒಂದೇ ತರಗತಿಯನ್ನು ಹಲವು ವರ್ಷ ಕಲಿಸಿದ ಅನುಭವ ಬೇಕು. ಜೂನ್‌ನಲ್ಲಿ ನೇಮಿಸಿ ಮಾರ್ಚ್‌ನಲ್ಲಿ ಕೈಬಿಡುವ, ರಜೆಯ ಎರಡು ತಿಂಗಳ ಸಂಬಳ ಉಳಿಸುವ ಆಡಳಿತ ಮಂಡಳಿ ಒಳ್ಳೆಯ ಶಿಕ್ಷಕರನ್ನು ಎಲ್ಲಿಂದ ತಂದೀತು? ಹೊಸ ಕಟ್ಟಡಕ್ಕೆ ಹಣ ಸಂಗ್ರಹಿಸುವಾಗ ಇರುವ ಹುರುಪು ಶಿಕ್ಷಕರ ಸಂಬಳದ ವಿಷಯ ಬಂದಾಗ ಎಲ್ಲಿ ಹೋಗುತ್ತದೆ?

ಇಂಥ ಸಂದರ್ಭದಲ್ಲಿ ತ್ಯಾಗದ ಮಾತು ಮುಂದೆ ಬರುವುದುಂಟು. ಜಾಮಿಯಾ ಮಿಲ್ಲಿಯಾದ ಇತಿಹಾಸ ಅದಕ್ಕೆ ನಿದರ್ಶನವಾಗುತ್ತದೆ. 1928ರಲ್ಲಿ ಆ ಸಂಸ್ಥೆ ಮುಚ್ಚುವ ಸ್ಥಿತಿಯಲ್ಲಿದ್ದಾಗ, ತಿಂಗಳಿಗೆ 150 ರೂಪಾಯಿ ಮೀರದ ಸಂಬಳಕ್ಕೆ 20 ವರ್ಷ ದುಡಿಯುವುದಾಗಿ ಅದರ ಅಧ್ಯಾಪಕರು ಪ್ರತಿಜ್ಞೆ ಮಾಡಿದರು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು ಬಂದಿದ್ದ ಝಾಕಿರ್ ಹುಸೈನ್ ಅವರ ಮುಂದಾಳಾಗಿದ್ದರು. 1967ರಲ್ಲಿ ರಾಷ್ಟ್ರಪತಿಯಾದ ಅದೇ ವಿದ್ವಾಂಸರು ಮಕ್ಕಳಿಗಾಗಿ ಸರಳ ಉರ್ದುವಿನಲ್ಲಿ ಕಥೆಗಳನ್ನೂ ಬರೆದರು. ಅದು ಮಹಾನ್ ತ್ಯಾಗವೇ. ಆದರೆ ಅಲ್ಲಿ ಸಂಸ್ಥೆಯನ್ನು ನಡೆಸಿದವರೇ ಸ್ವತಃ ಆ ಕಷ್ಟವನ್ನು ಹೊತ್ತುಕೊಂಡರು. ತಾವು ಸುಖವಾಗಿದ್ದು ಶಿಕ್ಷಕಿಯಿಂದ ಮಾತ್ರ ತ್ಯಾಗ ಬಯಸುವವರಿಗೆ ಆ ಇತಿಹಾಸವನ್ನು ಹೇಳುವ ಅಧಿಕಾರವಿಲ್ಲ.

ಹೆತ್ತವರ ಪಾಲೂ ಇದೆ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಶೇ. 3ರಷ್ಟು ಮಾತ್ರ. ಉಳಿದಂತೆ ಶಾಲೆಗೆ ಹೋಗುವ ಮಕ್ಕಳು ಸರಕಾರಿ ಮತ್ತು ಖಾಸಗಿ ಶಾಲೆಗಳಲ್ಲಿದ್ದಾರೆ. ಪ್ರವೇಶದ ದಿನ ನಾವು ಮಾಧ್ಯಮ ಯಾವುದು, ಫೀಸು ಎಷ್ಟು, ವಾಹನ ಇದೆಯೇ ಎಂದು ಕೇಳುತ್ತೇವೆ. ಮಗುವಿಗೆ ಕಲಿಸುವವರು ಯಾರು, ಅವರಿಗೆ ತರಬೇತಿ ಆಗಿದೆಯೇ, ಎಷ್ಟು ವರ್ಷದಿಂದ ಇಲ್ಲಿದ್ದಾರೆ ಎಂದು ಕೇಳುವವರು ಕಡಿಮೆ. ಕೇಳಲು ಆರಂಭಿಸಿದರೆ ಆಡಳಿತ ಮಂಡಳಿಗಳು ಉತ್ತರ ಹುಡುಕಲೇಬೇಕಾಗುತ್ತದೆ.

ಆದ್ದರಿಂದ ನಮ್ಮ ಶಾಲೆಗಳು ಕೋರ್ಟಿನ ಆದೇಶಕ್ಕೆ ಕಾಯದೆ ಕೆಲವು ಹೆಜ್ಜೆಗಳನ್ನು ತಾವಾಗಿಯೇ ಇಡಲಿ. ಹೊಸ ನೇಮಕಾತಿಗೆ ಟಿ.ಇ.ಟಿ.ಯನ್ನು ಕನಿಷ್ಠ ಅರ್ಹತೆಯಾಗಿ ಸ್ವೀಕರಿಸಲಿ. ಈಗಿರುವವರಿಗೆ ಅದನ್ನು ಬರೆಯಲು ರಜೆ ಮತ್ತು ಶುಲ್ಕ ಕೊಡಲಿ. ಹನ್ನೆರಡು ತಿಂಗಳ ಸಂಬಳ ಕೊಡಲಿ. ವಾರಕ್ಕೊಂದು ಗಂಟೆ ಶಿಕ್ಷಕರೆಲ್ಲ ಒಟ್ಟಿಗೆ ಕುಳಿತು, ಮಕ್ಕಳ ಪುಸ್ತಕಗಳನ್ನು ಮುಂದಿಟ್ಟು ಆ ವಾರದ ತಪ್ಪುಗಳ ಬಗ್ಗೆ ಚರ್ಚಿಸಲಿ. ಅದಕ್ಕೆ ಖರ್ಚೇನೂ ಇಲ್ಲ. ಜಮಾಅತ್ ಸಮಿತಿಗಳು ಉಸ್ತಾದರಿಗೂ ಬೋಧನಾ ತರಬೇತಿ ಕೊಡಿಸಲಿ, ಗೌರವದಿಂದ ಬದುಕುವಷ್ಟು ವೇತನ ನೀಡಲಿ, ಬೆತ್ತವನ್ನು ಹೊರಗಿಡಲಿ. ಇವನ್ನೆಲ್ಲ ಮಾಡಿದ ಸಮುದಾಯ ಆಡಳಿತದ ಹಕ್ಕಿಗಾಗಿ ನ್ಯಾಯಾಲಯದ ಮುಂದೆ ನಿಂತಾಗ ಅದರ ಮಾತಿಗೆ ತೂಕವಿರುತ್ತದೆ.