ಟ್ರಿಪ್ ಆಗುವ ಸ್ವಿಚ್ಚನ್ನು ಬೈಯಬೇಡಿ



ಕಳೆದ ಜುಲೈ ತಿಂಗಳಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಗಲ್ಫಿನಲ್ಲಿ ಹದಿನಾರು ವರ್ಷ ದುಡಿದು ಕಟ್ಟಿಸಿದ ಮನೆ ಅದು. ಆಶೀರ್ವಾದವಾಗಿ ಎರಡು ವರ್ಷವೂ ತುಂಬಿಲ್ಲ. ಅಡುಗೆಮನೆಯಲ್ಲಿ ಕೈ ತೊಳೆದು ತಿರುಗುವಾಗ ಗ್ರೈಂಡರಿನ ಸ್ಟೀಲ್ ಮೈಗೆ ಕೈ ತಾಗಿತು. ಜುಮ್ ಎಂದು ಮೊಣಕೈಯವರೆಗೆ ಹೊಡೆಯಿತು. "ಮಳೆಗಾಲದಲ್ಲಿ ಅದು ಹಾಗೆಯೇ ಮಗಾ, ಚಪ್ಪಲಿ ಹಾಕಿಕೊಂಡು ಮುಟ್ಟು" ಎಂದರು ಚಿಕ್ಕಮ್ಮ. ನೋಡಿದರೆ ಗ್ರೈಂಡರಿನ ಮುಂದೆ ಅದಕ್ಕೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟಿದ್ದರು!

ಮೈನ್ ಆಫ್ ಮಾಡಿ ಡಿಬಿಯ ಮುಚ್ಚಳ ಬಿಚ್ಚಿದೆವು. ಇಎಲ್‌ಸಿಬಿ ತನ್ನ ಜಾಗದಲ್ಲೇ ಇತ್ತು, ಆದರೆ ಅದಕ್ಕೆ ಬರಬೇಕಾದ ವಯರುಗಳನ್ನು ಹೊರಗಿನಿಂದಲೇ ನೇರವಾಗಿ ಜೋಡಿಸಲಾಗಿತ್ತು. ಕೇಳಿದರೆ, "ಮಳೆ ಬಂದರೆ ಸಾಕು, ಬೀಳ್ತಾ ಇತ್ತು. ವಯರ್‌ಮ್ಯಾನಿಗೆ ಹೇಳಿದೆ, ಬಂದು ಸರಿ ಮಾಡಿ ಹೋದ" ಎಂಬ ಉತ್ತರ.

ಈ ಕತೆ ಚಿಕ್ಕಮ್ಮನದ್ದು ಮಾತ್ರವಲ್ಲ. ನಮ್ಮ ವಾರ್ಡಿನಲ್ಲೇ ವಿಚಾರಿಸಿದಾಗ ಇಂಥ "ಸರಿ ಮಾಡಿದ" ಮನೆಗಳು ಇನ್ನೂ ಸಿಕ್ಕಿದವು. ಹಾಗಾಗಿ ಈ ಬಾರಿ ಕರೆಂಟಿನ ಬಗ್ಗೆ ಬರೆಯುತ್ತಿದ್ದೇನೆ. ಬಿಎಸ್ಸಿಯಲ್ಲಿ ಓದಿದ ಫಿಸಿಕ್ಸ್ ಎಲ್ಲಾದರೂ ಉಪಯೋಗಕ್ಕೆ ಬರಲಿ.

ನಮ್ಮಲ್ಲಿ ಅನೇಕರು ಎಂಸಿಬಿ ಇದ್ದರೆ ಸಾಕು, ಶಾಕ್ ಹೊಡೆಯುವುದಿಲ್ಲ ಎಂದುಕೊಂಡಿದ್ದಾರೆ. ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಲೆಕ್ಕ ನೋಡಿ. ಕಾಸರಗೋಡಿನ ನಮ್ಮ ನೆಲ ಮುರಕಲ್ಲಿನದ್ದು. ಅರ್ತ್ ಪೈಪನ್ನು ಎರಡೂವರೆ ಮೀಟರ್ ಇಳಿಸಬೇಕು, ಆದರೆ ಮೂರಡಿಗೇ ಕಲ್ಲು ಸಿಕ್ಕಿತೆಂದು ಕೆಲಸದವರು ನಿಲ್ಲಿಸುತ್ತಾರೆ. ಏಪ್ರಿಲ್ ಬಂದರೆ ಆ ಗುಂಡಿ ಒಣಗಿ ಬಿರಿಯುತ್ತದೆ. ಅಂಥ ಅರ್ತಿನ ರೆಸಿಸ್ಟೆನ್ಸ್ 25 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿನ ಲೈನ್ ಗ್ರೈಂಡರಿನ ಮೈಗೆ ತಾಗಿದರೆ ಭೂಮಿಗೆ ಹರಿಯುವುದು ಸುಮಾರು 9 ಆಂಪಿಯರ್. (ಟ್ರಾನ್ಸ್‌ಫಾರ್ಮರ್ ಕಡೆಯ ಲೆಕ್ಕ ಬಿಟ್ಟಿದ್ದೇನೆ. ಅದನ್ನು ಸೇರಿಸಿದರೆ ಇನ್ನೂ ಕಡಿಮೆ.) 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಅದು ಬೀಳುವುದಿಲ್ಲ. ಗ್ರೈಂಡರ್ ಕರೆಂಟ್ ಹೊತ್ತು ನಿಂತೇ ಇರುತ್ತದೆ. ಒದ್ದೆ ಕೈಯ ಮನುಷ್ಯನ ದೇಹಕ್ಕೆ ಒಂದು ಸಾವಿರ ಓಮ್ ಹಿಡಿದರೂ ಎದೆಯ ಮೂಲಕ 0.2 ಆಂಪಿಯರ್ ಹರಿಯಬಹುದು. ಹೃದಯ ನಿಲ್ಲಲು ಅದರ ಒಂದು ಪಾಲು ಸಾಕು.

ಇಎಲ್‌ಸಿಬಿ ಎಂದು ನಾವು ಕರೆಯುವ, ಈಗ ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಸಿಗುವ ಸಾಧನ ಮಾಡುವುದು ಬೇರೆಯೇ ಕೆಲಸ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಕಡಿಮೆಯಾದರೆ, ಅದು ಎಲ್ಲೋ ಭೂಮಿಗೆ, ಬಹುಶಃ ಒಬ್ಬರ ಮೈಯಿಂದಲೇ, ಹೋಗುತ್ತಿದೆ ಎಂದರ್ಥ. 0.3 ಸೆಕೆಂಡಿನೊಳಗೆ ಲೈನ್ ಕಡಿಯುತ್ತದೆ. ಇದರ ಬೆಲೆ 2,000 ರೂಪಾಯಿಯ ಆಸುಪಾಸು. ಗೃಹಪ್ರವೇಶದ ದಿನ ಗೇಟಿಗೆ ಹಾಕಿಸುವ ಹೂವಿನ ಕಮಾನಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ.

ಹಾಗಾದರೆ ಚಿಕ್ಕಮ್ಮನ ಮನೆಯಲ್ಲಿ ಮಳೆಗೆ ಬೀಳುತ್ತಿದ್ದುದು ಏಕೆ? ಪರಿಚಯದ ಲೈಸೆನ್ಸ್ ಇರುವ ವಯರ್‌ಮ್ಯಾನ್ ಅಣ್ಣನನ್ನು ಕರೆದು ಇಎಲ್‌ಸಿಬಿಯನ್ನು ಮತ್ತೆ ಜೋಡಿಸಿದೆವು. ಎಲ್ಲ ಎಂಸಿಬಿ ಆಫ್ ಮಾಡಿ ಒಂದೊಂದಾಗಿ ಎತ್ತಿದರೆ, ಬಾವಿಯ ಪಂಪಿನದ್ದನ್ನು ಎತ್ತಿದ ಕೂಡಲೇ ಬಿತ್ತು. ಬಾವಿಕಟ್ಟೆಯ ಹತ್ತಿರ ಕೇಬಲಿಗೆ ಬರೇ ಟೇಪ್ ಸುತ್ತಿದ ಜಾಯಿಂಟ್, ಅದಕ್ಕೆ ನೀರು ಇಳಿದು ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಗೆ ಕರೆಂಟ್ ಸೋರುತ್ತಿತ್ತು. ಅರ್ತ್ ವಯರ್ ಮನೆಗೆಲ್ಲ ಒಂದೇ, ಗುಂಡಿ ಮಾತ್ರ ಕೆಟ್ಟದ್ದು. ಹಾಗಾಗಿ ಬಾವಿಯಲ್ಲಿ ಸೋರಿದ್ದು ಗ್ರೈಂಡರಿನಲ್ಲಿ ಜುಮ್ ಎಂದಿತು. ಗ್ರೈಂಡರನ್ನೇ ಬದಲಿಸುವ ಯೋಚನೆಯಲ್ಲಿದ್ದರು ಚಿಕ್ಕಮ್ಮ! ಬೇರೆ ಮನೆಗಳಲ್ಲಿ ಇನ್ವರ್ಟರಿನ ನ್ಯೂಟ್ರಲನ್ನು ಅಡ್ಡಾದಿಡ್ಡಿ ಸೇರಿಸಿದ್ದಕ್ಕೂ ಇದು ಬೀಳುವುದುಂಟು. ಕಾರಣ ಏನೇ ಇರಲಿ, ಹುಡುಕಿದರೆ ಸಿಗುತ್ತದೆ. ಹುಡುಕಲು ಅರ್ಧ ದಿನ ಬೇಕು, ತಪ್ಪಿಸಿ ಜೋಡಿಸಲು ಐದು ನಿಮಿಷ ಸಾಕು.

ಇನ್ನೊಂದು ಮಾತು. ಹೀಗೆ ಸೋರುವ ಕರೆಂಟಿಗೂ ಮೀಟರ್ ಓಡುತ್ತದೆ. ಬರೇ ಒಂದು ಆಂಪಿಯರ್ ಹಗಲು ರಾತ್ರಿ ಸೋರಿದರೆ ದಿನಕ್ಕೆ ಐದೂವರೆ ಯೂನಿಟ್. ನಮ್ಮ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಅಷ್ಟರಲ್ಲಿ 300 ಯೂನಿಟ್ ದಾಟಿರುತ್ತದೆ. ಕರೆಂಟ್ ಉಳಿಸಲು ಎಲ್‌ಇಡಿ ಬಲ್ಬ್ ಹಾಕುವುದು ಒಳ್ಳೆಯದೇ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕುವುದೂ ಒಳ್ಳೆಯದೇ, ನಮ್ಮ ಸಭಾಭವನಕ್ಕೂ ಅದೇ ಬೇಕು ಎನ್ನುವವನು ನಾನು. ಆದರೆ ಸೋರುವ ಕೊಡಕ್ಕೆ ಎಷ್ಟು ಜಾಗ್ರತೆಯಿಂದ ನೀರು ಸುರಿದರೆ ಏನು ಬಂತು?

ಕಾನೂನು ಇಲ್ಲವೆಂದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ 5 ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಕನೆಕ್ಷನಿಗೆ ಈ ಸಾಧನ ಕಡ್ಡಾಯವಾಗಿತ್ತು. 2023ರಲ್ಲಿ ಹೊಸ ನಿಯಮಾವಳಿಯೂ ಬಂತು. ವಯರಿಂಗಿಗೆ ಐಎಸ್ 732, ಅರ್ತಿಂಗಿಗೆ ಐಎಸ್ 3043 ಎಂಬ ಸಂಹಿತೆಗಳಿವೆ. ಕನೆಕ್ಷನ್ ಸಿಗುವ ದಿನ ಎಲ್ಲವೂ ಸರಿ ಇರುತ್ತದೆ. ಆಮೇಲೆ ನಮ್ಮ ಡಿಬಿಯೊಳಗೆ ಇಣುಕಲು ಯಾರೂ ಬರುವುದಿಲ್ಲ. ನಮ್ಮ ಹಿರಿಯರಿಗಂತೂ ಇನ್ನೊಂದು ಕಷ್ಟ: ಸಹಿ ಹಾಕುವ ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಏನು ಹಾಕಿಸಿದ್ದೇವೆ, ಏಕೆ ಹಾಕಿಸಿದ್ದೇವೆ ಎಂದು ಅವರಿಗೆ ಕನ್ನಡದಲ್ಲಿ ಹೇಳಿದವರಿಲ್ಲ. ಹಾಗಿರುವಾಗ ಪದೇ ಪದೇ ಬೀಳುವ ಸ್ವಿಚ್ ಅವರಿಗೆ ಬರೇ ಉಪದ್ರವಾಗಿ ಕಂಡರೆ ತಪ್ಪು ಅವರದ್ದಲ್ಲ. ಓದಿದ ನಾವು ಹೇಳಬೇಕಿತ್ತು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಮನೆ ಕಟ್ಟುವವರಿಗೆ ಒಂದು ನಿಯಮವಿದೆ. ಮಾಳಿಗೆಯ ಅಂಚಿಗೆ ಮೋಟುಗೋಡೆ ಕಟ್ಟಿಸಬೇಕು, ಇಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ ಎಂಬ ಅರ್ಥದ್ದು. ಮನೆ ಆಶೀರ್ವಾದಕ್ಕೆ ಫಾದರ್ ಬರುವ ಮೊದಲು ಇಎಲ್‌ಸಿಬಿಯ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡುವುದು ಆ ನಿಯಮಕ್ಕೆ ಸೇರಿದ್ದೇ ಎಂದು ನನ್ನ ಅಭಿಪ್ರಾಯ.

ಇದೊಂದಿದ್ದರೆ ಸಾವೇ ಇಲ್ಲ ಎಂದು ಹೇಳುತ್ತಿಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಅಡಿಕೆ ತೋಟದಲ್ಲಿ ಅಲ್ಯೂಮಿನಿಯಂ ದೋಟಿ ಮೇಲಿನ ಲೈನಿಗೆ ತಾಗಿದರೆ ಮನೆಯೊಳಗಿನ ಇಎಲ್‌ಸಿಬಿ ಏನೂ ಮಾಡಲಾರದು. ಆದರೆ ಅಡುಗೆಮನೆ, ಬಚ್ಚಲು, ಬಾವಿಕಟ್ಟೆ, ಕ್ರಿಸ್ಮಸ್ ಹೊತ್ತಿಗೆ ಇಬ್ಬನಿಯಲ್ಲಿ ನೆನೆಯುವ ನಮ್ಮ ಗೋದಲಿಯ ಸೀರಿಯಲ್ ದೀಪ, ಇಲ್ಲೆಲ್ಲ ಅದು ಬೇಕೇ ಬೇಕು. ಹಬ್ಬದ ನೊವೆನಾಕ್ಕೆ ಅಂಗಳದಲ್ಲಿ ಎಳೆಯುವ ತಾತ್ಕಾಲಿಕ ಲೈನನ್ನೂ ಈ ಸಲ ಇಎಲ್‌ಸಿಬಿಯ ಮೂಲಕವೇ ತೆಗೆಯಬೇಕೆಂದು ಸಂಘದ ಸಭೆಯಲ್ಲಿ ಕೇಳಿದ್ದೇನೆ. ಖರ್ಚಿನ ಮಾತು ಬಂತು, ಇನ್ನೂ ತೀರ್ಮಾನವಾಗಿಲ್ಲ.

ಈ ತಿಂಗಳ ಕೊನೆಯ ಭಾನುವಾರ ಬಲಿಪೂಜೆ ಮುಗಿದ ಮೇಲೆ ಆ ವಯರ್‌ಮ್ಯಾನ್ ಅಣ್ಣನ ಜೊತೆ ನಮ್ಮ ವಾರ್ಡಿನ ಮನೆಗಳಿಗೆ ಹೋಗಲಿದ್ದೇವೆ. ಗುರಿಕಾರರಿಗೆ ಹೇಳಿದ್ದಾಗಿದೆ. ನಾವು ಬಟನ್ ಒತ್ತಿ ನೋಡುತ್ತೇವೆ, ಡಿಬಿ ಬಿಚ್ಚುವ ಕೆಲಸ ಅಣ್ಣನದ್ದು. ಬರುವವರು ಒಣಗಿದ ಚಪ್ಪಲಿ ಹಾಕಿಕೊಂಡು ಬನ್ನಿ. ಅದಕ್ಕೆ ಮೊದಲು ನಿಮ್ಮ ಮನೆಯದ್ದನ್ನು ಇವತ್ತೇ ಒತ್ತಿ ನೋಡಿ. ಲೈನ್ ಹೋಗದಿದ್ದರೆ ನನಗೊಂದು ಫೋನ್ ಮಾಡಿ.